ಓಡದ ಕಾರಿಗೆ ಎಷ್ಟು ಬಾಳಿಕೆಯ ಟೈರು?

ಹತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಟೈರಿಗೆ ಮಾತ್ರ ಹೊಸ ಕಾರಿನವರು ಕೊಡುವಷ್ಟೇ ದುಡ್ಡು ಕೊಡಬೇಕು. ಆನೆ ಅಗ್ಗಕ್ಕೆ ಸಿಕ್ಕಿತೆಂದು ಮೇವಿನ ಬೆಲೆ ಇಳಿಯುವುದಿಲ್ಲವಲ್ಲ. ನನ್ನದು ಬಿಎಂಡಬ್ಲ್ಯು ಝಡ್4, 2009ರಿಂದ 2016ರವರೆಗೆ ತಯಾರಾದ ಈ89 ಪೀಳಿಗೆಯದು. ಎರಡೇ ಸೀಟು, ಮಡಚಿಕೊಳ್ಳುವ ಲೋಹದ ಚಾವಣಿ, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಅದಕ್ಕೆ ನಾಲ್ಕೂ ಟೈರು ಬದಲಿಸುವ ಸರದಿ ಬಂದಾಗ ಕಲಿತ ಲೆಕ್ಕ ಇದು.

ಹಳೆಯ ಟೈರುಗಳ ಟ್ರೆಡ್ ಇನ್ನೂ ಚೆನ್ನಾಗಿಯೇ ಇತ್ತು. ಆದರೆ ವಯಸ್ಸು ಆರು ದಾಟಿ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಿತ್ತು. ಬಿಸಿಲು, ಶಾಖ, ಗಾಳಿಯಲ್ಲಿನ ಓಝೋನ್ ಇವು ನಿಂತ ಕಾರಿನ ರಬ್ಬರನ್ನೂ ಬಿಡುವುದಿಲ್ಲ. ಅದು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎಷ್ಟೇ ಟ್ರೆಡ್ ಉಳಿದಿದ್ದರೂ ಆರು ವರ್ಷಕ್ಕೆ ಬದಲಿಸಿ ಎನ್ನುತ್ತದೆ ಬಿಎಂಡಬ್ಲ್ಯು ಕೈಪಿಡಿ. ಐದು ವರ್ಷವಾದ ಮೇಲೆ ಪ್ರತಿ ವರ್ಷ ತಪಾಸಣೆ ಮಾಡಿಸಿ, ಹತ್ತಕ್ಕೆ ತೆಗೆದೇ ಬಿಡಿ ಎನ್ನುತ್ತದೆ ಮಿಶೆಲಿನ್. ನಾನು ಆರನ್ನು ಹಿಡಿದುಕೊಂಡಿದ್ದೇನೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ಮೊದಲು ತೋರಿಸಿದ್ದು ಬಹಳ ಬಾಳುವ ಗಟ್ಟಿ ರಬ್ಬರಿನ ಟೈರನ್ನೇ. “ಸಾರ್, ಇದು ಆರಾಮಾಗಿ ಐವತ್ತು ಸಾವಿರ ಬರತ್ತೆ. ಆ ಮೆತ್ತನೇದು ಇಪ್ಪತ್ತೈದಕ್ಕೇ ಬೋಳಾಗತ್ತೆ” ಎಂದರು. ಟ್ಯಾಕ್ಸಿ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆಯಿಲ್ಲ. ನನ್ನ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆರು ವರ್ಷಕ್ಕೆ ಹದಿನೆಂಟು ಸಾವಿರ. ಐವತ್ತು ಸಾವಿರದ ಟೈರನ್ನೂ ಇಪ್ಪತ್ತೈದು ಸಾವಿರದ ಟೈರನ್ನೂ ನಾನು ಒಂದೇ ದಿನ ಬಿಸಾಡುತ್ತೇನೆ. ಅಂದಮೇಲೆ ಆ ಹೆಚ್ಚುವರಿ ಬಾಳಿಕೆಯಿಂದ ನನಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ದಿನಬಳಕೆಯ ಕಾರಿನ ಟೈರನ್ನು ಕಿಲೋಮೀಟರಿಗೆ ಎಷ್ಟು ಎಂದು ಅಳೆಯಬೇಕು, ವಾರಾಂತ್ಯದ ಕಾರಿನದನ್ನು ವರ್ಷಕ್ಕೆ ಎಷ್ಟು ಎಂದು.

ಗಟ್ಟಿ ಟೈರಿನ ಸೆಟ್ಟು ಹದಿನೈದು ಸಾವಿರ ಅಗ್ಗವಿತ್ತು, ನಿಜ. ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,500 ರೂಪಾಯಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದ ಕಾರು ಮೆತ್ತನೆಯ ರಬ್ಬರಿನ ಹಿಡಿತದಿಂದ ನಾಲ್ಕಡಿ ಮೊದಲೇ ನಿಲ್ಲುವುದಕ್ಕೆ ಅಷ್ಟು ಕೊಡಲು ನಾನು ತಯಾರು.

ಮೆತ್ತನೆಯದು ಯಾವುದೆಂದು ಪಕ್ಕದ ಗೋಡೆಯ ಮೇಲಿನ ಟ್ರೆಡ್‌ವೇರ್ ಅಂಕಿ ಸುಳಿವು ಕೊಡುತ್ತದೆ. ಇದು ಅಮೆರಿಕದ ಪದ್ಧತಿ. ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಸುತ್ತಲಿನ 640 ಕಿಲೋಮೀಟರ್ ರಸ್ತೆಯಲ್ಲಿ ಮತ್ತೆ ಮತ್ತೆ ಓಡಿಸಿ, 100 ಅಂಕದ ಮಾದರಿ ಟೈರಿನ ಸವೆತಕ್ಕೆ ಹೋಲಿಸುತ್ತಾರೆ. ಅಂಕ ಕೊಟ್ಟುಕೊಳ್ಳುವುದು ಕಂಪನಿಯವರೇ ಆದ್ದರಿಂದ ಒಂದು ಬ್ರಾಂಡಿನ 300ನ್ನು ಇನ್ನೊಂದರ 400ರ ಜೊತೆ ತೂಗಿ ನೋಡುವುದರಲ್ಲಿ ಅರ್ಥವಿಲ್ಲ. ಒಂದೇ ಬ್ರಾಂಡಿನೊಳಗೆ ಹೋಲಿಸಬಹುದು, ಅಂಕಿ ಕಡಿಮೆಯಿದ್ದಷ್ಟೂ ಮೆತ್ತಗೆ. ಆ ಅಂಕಿಯ ಪಕ್ಕದ ಅಕ್ಷರ ಒದ್ದೆ ರಸ್ತೆಯ ಬ್ರೇಕಿಂಗ್ ಹಿಡಿತದ್ದು. ಎಎ ಇದ್ದರೆ ಎಲ್ಲಕ್ಕಿಂತ ಮೇಲು.

ವಯಸ್ಸೇ ಮುಖ್ಯವಾದ ಮೇಲೆ ಜನ್ಮದಿನಾಂಕ ನೋಡದೆ ದುಡ್ಡು ಕೊಡಬಾರದು. ಅದೇ ಗೋಡೆಯ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೆಯ ವಾರದ ಸರಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಹಾಗಾಗಿ ಅಪರೂಪದ ಅಳತೆಗಳು ಬೇಕೆಂದಾಗ ಸಿಗುವುದಿಲ್ಲ, ಸಿಕ್ಕರೂ ಗೋದಾಮಿನಲ್ಲಿ ಕೂತು ಬಂದಿರಬಹುದು. ಎರಡು ವರ್ಷ ಹಳೆಯ ಟೈರು ಕೊಂಡರೆ ಆರು ವರ್ಷದಲ್ಲಿ ಎರಡು ಆಗಲೇ ಖರ್ಚಾಗಿರುತ್ತವೆ. ಮೂರನೆಯ ಒಂದು ಪಾಲು ರಿಯಾಯಿತಿ ಕೊಡದಿದ್ದರೆ ಆ ಸರಕು ಅಗ್ಗವಲ್ಲ.

ಈ ಕಾರಿನ 18 ಇಂಚಿನ ಚಕ್ರಗಳಿಗೆ ಮುಂದೆ 225/40, ಹಿಂದೆ 255/35. ಅಳತೆ ಬೇರೆ ಬೇರೆಯಾದ್ದರಿಂದ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸುವ ಉಪಾಯ ನಡೆಯದು. ಹಿಂದಿನವು ಬೇಗ ಸವೆಯುತ್ತವೆ, ಅದೂ ಒಳ ಅಂಚಿನಲ್ಲಿ. ಹಾಗಾಗಿ ಅಲೈನ್‌ಮೆಂಟ್ ಖರ್ಚನ್ನು ಟೈರಿನ ಬಿಲ್ಲಿಗೇ ಸೇರಿಸಿಕೊಳ್ಳಿ. ಹಿಂದಿನ ಟೈರಿನ ಗೋಡೆಯ ಎತ್ತರ ಒಂಬತ್ತು ಸೆಂಟಿಮೀಟರೂ ಇಲ್ಲ. ಅದನ್ನು ಒಡೆಯಲು ಬೆಂಗಳೂರಿನ ಒಂದು ಗುಂಡಿ ಸಾಕು. ಆ ನಷ್ಟ ವಿಮೆಯಲ್ಲಿ ಬರುತ್ತದೆಂದು ನಂಬಬೇಡಿ. ಮಾಮೂಲು ಪಾಲಿಸಿಯಲ್ಲಿ ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಮಾತ್ರ ಟೈರಿಗೆ ಪರಿಹಾರ, ಅದೂ ಅರ್ಧ.

ಕಾರ್ಖಾನೆಯಿಂದ ಬಂದದ್ದು ರನ್‌ಫ್ಲಾಟ್ ಟೈರು. ಗಾಳಿಯೆಲ್ಲ ಹೋದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 80 ಕಿಲೋಮೀಟರ್ ಸಾಗಬಹುದು. ಅದಕ್ಕೇ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ. ಆದರೆ ಗೋಡೆ ಬಿರುಸು, ಸವಾರಿ ಕುಲುಕು, ನನಗೆ ಸಿಕ್ಕ ಕೊಟೇಶನ್‌ಗಳಲ್ಲಿ ಬೆಲೆಯೂ ಕಾಲು ಭಾಗ ಜಾಸ್ತಿ. ನಾನು ಮಾಮೂಲು ಟೈರು ಹಾಕಿಸಿ, ಉಳಿದ ದುಡ್ಡಿನಲ್ಲಿ ಗಾಳಿ ತುಂಬುವ ಪಂಪು, ಪಂಕ್ಚರ್ ಕಿಟ್ ಕೊಂಡೆ. ರಾತ್ರಿ ಒಬ್ಬರೇ ಘಾಟಿಯಲ್ಲಿ ಓಡಾಡುವವರು ರನ್‌ಫ್ಲಾಟನ್ನೇ ಇಟ್ಟುಕೊಳ್ಳುವುದು ಮೇಲು. ಯಾವ ಟೈರು ಹಾಕಿದರೂ, ಅದು ತಾಳುವ ಗರಿಷ್ಠ ವೇಗ ಹೇಳುವ ಅಕ್ಷರದಲ್ಲಿ ಕಾರಿನ ಸ್ಟಿಕ್ಕರಿನಲ್ಲಿರುವುದಕ್ಕಿಂತ ಕೆಳಗಿಳಿಯಬೇಡಿ. ಗಂಟೆಗೆ 270 ಕಿಲೋಮೀಟರಿನ ಡಬ್ಲ್ಯು ಸಾಕೆಂದಿದ್ದರೆ 300ರ ವೈಗೆಂದು ಹೆಚ್ಚು ತೆರುವುದೂ ಬೇಡ. ನಮ್ಮ ಎಕ್ಸ್‌ಪ್ರೆಸ್‌ವೇಯ ಮಿತಿಯೇ 120.

ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ನನ್ನ ಸೆಟ್ಟಿನ ಮೂಲಬೆಲೆ 68 ಸಾವಿರ. ಹಳೆಯ ದರದಲ್ಲಿ 87,040 ಆಗುತ್ತಿದ್ದದ್ದು 80,240ಕ್ಕೆ ಬಂತು. ಹದಿನೆಂಟು ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ. ಪೆಟ್ರೋಲ್ ಲೆಕ್ಕ ಹಾಕುವವರು ಯಾರೂ ಇದನ್ನು ಹಾಕುವುದಿಲ್ಲ. ಮುಂದಿನ ಸೆಟ್ಟಿಗೆಂದು ಈಗಲೇ ತಿಂಗಳಿಗೆ 1,115 ರೂಪಾಯಿಯ ಆರ್‌ಡಿ ಶುರು ಮಾಡಿದ್ದೇನೆ. ಇಂಥ ಕಾರು ಕೊಳ್ಳುವ ಆಸೆಯಿದ್ದವರು ಇಎಂಐ ಪಕ್ಕದಲ್ಲೇ ಈ ಅಂಕಿಯನ್ನೂ ಬರೆದುಕೊಳ್ಳಲಿ.

ನಿಮ್ಮ ಲೆಕ್ಕ ಬೇರೆಯಿರಬಹುದು. ಇಪ್ಪತ್ತೈದು ಸಾವಿರವನ್ನು ಆರರಿಂದ ಭಾಗಿಸಿದರೆ ನಾಲ್ಕು ಸಾವಿರ ಚಿಲ್ಲರೆ. ವರ್ಷದ ಓಟ ಅದಕ್ಕಿಂತ ಕಡಿಮೆಯಿದ್ದರೆ ಕಣ್ಣುಮುಚ್ಚಿ ಮೆತ್ತನೆಯದನ್ನು ಕೊಳ್ಳಿ. ಹತ್ತು ಸಾವಿರ ದಾಟುವುದಾದರೆ ಅಂಗಡಿಯವರ ಮಾತೇ ಸರಿ. ಎರಡು ಸರ್ವಿಸ್ ಬಿಲ್ಲುಗಳಲ್ಲಿನ ಓಡೋಮೀಟರ್ ಅಂಕಿಗಳನ್ನು ಕಳೆದು ನೋಡಿ, ಆಮೇಲೆ ಬ್ರಾಂಡಿನ ಮಾತು.