ಶಬ್ದದಿಂದ ನಡೆಯುವ ಮಂಡಿ: ಅಂಧರಿಗಾಗಿ ಗಣಕಯಂತ್ರದ ಆಟಗಳ ತಯಾರಿಕೆ

2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ಶೇಖರ್ ನಾಯ್ಕ್ ಶಿವಮೊಗ್ಗ ಜಿಲ್ಲೆಯವರು. ನಗರದ ಶಾರದಾದೇವಿ ಅಂಧರ ವಿಕಾಸ ಕೇಂದ್ರದ ವಿದ್ಯಾರ್ಥಿ. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂಧರ ಕ್ರಿಕೆಟ್‌ನ ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿದ್ದು, ಉರುಳುವಾಗ ಸದ್ದು ಮಾಡುತ್ತವೆ. ಕಣ್ಣಿಗೆ ದೊರೆಯುವ ಮಾಹಿತಿಯನ್ನು ಕಿವಿಗೆ ಒದಗಿಸುವ ಈ ತತ್ವವೇ ಗಣಕಯಂತ್ರದ ಆಟಗಳಿಗೂ ಅನ್ವಯಿಸುತ್ತದೆ.

ಅಂಗಡಿ, ಕಾರ್ಖಾನೆ, ತೋಟ ಮುಂತಾದ ನೈಜ ವ್ಯವಹಾರಗಳನ್ನು ಅನುಕರಿಸುವ ಆಟಗಳನ್ನು ಸಿಮ್ಯುಲೇಷನ್ ಆಟಗಳೆನ್ನುತ್ತಾರೆ. ಗುರಿಯಿಟ್ಟು ಹೊಡೆಯುವ ಆಟಗಳಿಗಿಂತ ಇವು ಅಂಧರಿಗೆ ಚೆನ್ನಾಗಿ ಒಗ್ಗುತ್ತವೆ. ಇಲ್ಲಿ ಮುಖ್ಯವಾದುದು ಲೆಕ್ಕ ಮತ್ತು ನಿರ್ಧಾರ.

ಅಡಿಕೆ ಮಂಡಿಯ ಆಟವೊಂದನ್ನು ಊಹಿಸಿಕೊಳ್ಳಬಹುದು. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ದಾಸ್ತಾನು, ದಿನದ ಧಾರಣೆ, ಬರಬೇಕಾದ ಬಾಕಿ ಎಲ್ಲವೂ ಅಕ್ಷರ ಮತ್ತು ಅಂಕಿಗಳೇ. ಇವನ್ನು ಓದಿ ಹೇಳಲು ಎನ್‌ವಿಡಿಎ ಎಂಬ ತಂತ್ರಾಂಶವಿದೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಗೊಂಡ ಇದು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಚಿತ್ರರೂಪದಲ್ಲಿ ಬಿಡಿಸಿದ ಅಕ್ಷರವನ್ನಾಗಲಿ, ಹೆಸರು ಕೊಡದ ಗುಂಡಿಯನ್ನಾಗಲಿ ಅದು ಆಟಗಾರನಿಗೆ ತಿಳಿಸಲಾರದು. ತಂತ್ರಾಂಶ ತಯಾರಕರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಮೌಸ್ ಇಲ್ಲದೆ, ಕೀಲಿಮಣೆಯಿಂದಲೇ ಆಟ ಸಾಗಬೇಕು. ಒಂದು ಕೀಲಿ ಒತ್ತಿದರೆ ದಾಸ್ತಾನು, ಇನ್ನೊಂದಕ್ಕೆ ನಗದು ಕೇಳಿಸಬೇಕು. ಧಾರಣೆಯ ರೇಖಾಚಿತ್ರದ ಬದಲು ಏರುವ, ಇಳಿಯುವ ಸ್ವರ ಸಾಕು. ಲಾರಿ ಬಂದ ಸದ್ದು ಬಲಗಿವಿಗೆ, ಖರೀದಿದಾರನ ದನಿ ಎಡಗಿವಿಗೆ ಕೇಳುವಂತೆ ಮಾಡಬಹುದು. ಮಾತು ನಡೆಯುವಾಗ ಹಿನ್ನೆಲೆಯ ಸದ್ದು ತಗ್ಗಬೇಕು. ಆಟದ ಗಡಿಯಾರವೂ ನಿಲ್ಲಬೇಕು. ಇಲ್ಲವಾದರೆ ಧಾರಣೆಯನ್ನು ಕೇಳಿ ಮುಗಿಸುವಷ್ಟರಲ್ಲಿ ವ್ಯಾಪಾರ ಕೈತಪ್ಪಿರುತ್ತದೆ.

ದುಬಾರಿ ಚಿತ್ರಸಂಯೋಜನೆ ಬೇಕಿಲ್ಲವಾದ್ದರಿಂದ ಸಣ್ಣ ಬಂಡವಾಳಕ್ಕೆ ಇದು ಎಟುಕುತ್ತದೆ. ಆದರೆ ಅಂಧರಿಗಷ್ಟೇ ಮಾರುವುದಾದರೆ ಮಾರುಕಟ್ಟೆ ಕಿರಿದು. ಎಲ್ಲರೂ ಆಡುವ ಆಟದಲ್ಲಿಯೇ ಈ ಸೌಲಭ್ಯವನ್ನು ಅಳವಡಿಸುವುದು ಲಾಭಕರ. 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್ ಎಂಬ ಕಾರು ಓಟದ ಆಟ ಹಾಗೆಯೇ ಮಾಡಿತು. ಗೋಡೆಗೆ ಗಾರೆ ಮಾಡಿದ ಮೇಲೆ ವೈರಿಂಗ್‌ಗಾಗಿ ಒಡೆದಂತಾಗದಿರಲು ಮೊದಲ ನಕ್ಷೆಯಲ್ಲಿಯೇ ಇದಕ್ಕೆ ಜಾಗವಿರಬೇಕು. ಬಿಲ್ಲಿಂಗ್ ತಂತ್ರಾಂಶಕ್ಕೂ ಇದೇ ನಿಯಮ: ಗುಂಡಿಗೆ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಲೆಕ್ಕ ಬಲ್ಲ ಅಂಧ ಗುಮಾಸ್ತನೊಬ್ಬ ಕೆಲಸ ಕಳೆದುಕೊಳ್ಳಬಹುದು.

ಕಾರ್ಯಕ್ರಮ ಬರೆಯಬಲ್ಲ ಯುವಕರಿಗಾಗಿ ದೂರ ಹೋಗಬೇಕಿಲ್ಲ. ಸವಳಂಗ ರಸ್ತೆಯಲ್ಲಿ 1980ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಇಂಜಿನಿಯರಿಂಗ್ ಕಾಲೇಜಿದೆ. ಪರೀಕ್ಷಿಸುವವರು ಮಾತ್ರ ಅಂಧರೇ ಆಗಿರಬೇಕು, ಅವರಿಗೆ ಸಂಭಾವನೆಯನ್ನೂ ಕೊಡಬೇಕು. ಅವರನ್ನು ಕರೆಯುವ ಮುನ್ನ ತಯಾರಕನು ಮಾನಿಟರ್ ಆರಿಸಿ, ತನ್ನ ಮಂಡಿಯಲ್ಲಿ ಒಂದು ಚೀಲ ರಾಶಿಯನ್ನು ತಾನೇ ಮಾರಿ ನೋಡತಕ್ಕದ್ದು.