ತಣ್ಣಗ ಕಾಣೂ ಬೆಂಕಿ

ತಂಗೀ, ಮೊದಲ ಪಗಾರದಾಗ ಉಗಿ ಇಸ್ತ್ರಿ ಪೆಟಿಗಿ ತಗೊಂಡು ನಮ್ಮೂರು ಮೆಣಸಗಿಗೆ ಬಂದೀ ಅಂತ ಕೇಳಿ ಖುಷಿ ಆತು. ನಮ್ಮ ಕಾಲದಾಗ ಇದ್ದಲಿ ಪೆಟಿಗಿ. ಕೆಂಡ ಕಾಣತಿತ್ತು, ಕಿಡಿ ಸಿಡೀತಿತ್ತು. ಸಣ್ಣ ಕೂಸೂ ದೂರ ಸರೀತಿತ್ತು. ಇದು ಹಂಗಲ್ಲ. 200 ಡಿಗ್ರಿ ಕಾದಿದ್ರೂ ಏನೂ ಅರೀದವರಂಗ ಹೊಳಕೋತ ಕುಂತಿರತೈತಿ. ಅದಕ್ಕ ಈ ನಾಕು ಮಾತು.

ಅದರ ಸಣ್ಣ ದೀಪಾನ ನಂಬಬ್ಯಾಡ. ದೀಪ ಆರಿತು ಅಂದ್ರ ಪೆಟಿಗಿ ಬಂದ್ ಆತು ಅಂತಲ್ಲ, ಬೇಕಾದಷ್ಟು ಕಾದೈತಿ ಅಂತ. ಕರೆಂಟ್ ಹೋದಾಗಂತೂ ಮೊದಲ ಪ್ಲಗ್ ಕೀಳು. ಪೆಟಿಗಿ ಬಟ್ಟಿ ಮ್ಯಾಲ ಬಿಟ್ಟು ಹೊಲಕ್ಕ ಹೋದಿ ಅಂದ್ರ, ಕರೆಂಟ್ ನೀ ಇಲ್ಲದಾಗ ಬರತೈತಿ. ಹಾಸಿಗಿ, ಗಾದಿ ಮ್ಯಾಲ ಇಸ್ತ್ರಿ ಮಾಡಬ್ಯಾಡ. ಗಟ್ಟಿ ಮೇಜಿನ ಮ್ಯಾಲ ಹತ್ತಿ ಬಟ್ಟಿ ಹಾಸು. ಕೈ ಬಿಡೂ ಮುಂದ ಪೆಟಿಗೀನ ಹಿಮ್ಮಡಿ ಮ್ಯಾಲ ನಿಲ್ಲಸು. ವೈರ್ ಕೆಳಗ ಜೋತಾಡಿದ್ರ ಕೂಸು ಹಿಡದು ಜಗ್ಗತೈತಿ.

ಪೆಟಿಗಿ ಮ್ಯಾಲಿನ ವ್ಯಾಟ್ ಓದು. 6 ಆಂಪಿಯರ್ ಸಾಕೆಟ್ 230 ವೋಲ್ಟಿಗೆ 1380 ವ್ಯಾಟ್ ಅಷ್ಟ ತಡೀತೈತಿ. ಅದಕ್ಕಿಂತ ದೊಡ್ಡದಿದ್ರ 16 ಆಂಪಿಯರ್ ಸಾಕೆಟ್ಟಿಗೇ ಹಾಕು; ಸಣ್ಣ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಗಸಬ್ಯಾಡ. ಮೂರನೇ ಪಿನ್ ಅರ್ಥಿಂಗಿಂದು, ಜೀವ ಕಾಯೂದು ಅದ. ಹಸಿ ಕೈ, ಬರಿಗಾಲು ಎರಡೂ ಬ್ಯಾಡ.

ಇನ್ನ ನೀರಿನ ಮಾತು. ಮಲಪ್ರಭಾ ಹೊಳಿ ಸನೇಕ ಇದ್ರೂ ನಮ್ಮ ಬೋರಿನ ನೀರು ಗಡಸು. ಕಾಯಿಸಿದ ಪಾತೇಲಿ ತಳದಾಗ ಕೂಡೂ ಬಿಳಿ ಸುಣ್ಣಾನ ಪೆಟಿಗಿ ತೂತಿನಾಗೂ ಕೂಡತೈತಿ. ಆಮ್ಯಾಲೆ ಉಗಿ ಬದಲು ಕುದಿ ನೀರು ಸಿಡೀತೈತಿ, ಬಿಳಿ ಅಂಗಿ ಮ್ಯಾಲ ಕಲಿ ಬೀಳತೈತಿ. ಕಂಪನಿ ಪುಸ್ತಕ ಏನ ಹೇಳೈತಿ ನೋಡು. ಭಟ್ಟಿ ಇಳಿಸಿದ ನೀರು ಇಲ್ಲಾ ಶುದ್ಧ ನೀರಿನ ಘಟಕದ್ದು ಹಾಕು. ನೀರು ತುಂಬೂ ಮುಂದ ಪ್ಲಗ್ ಕಿತ್ತಿರಬೇಕು. ಕೆಲಸ ಮುಗಿದ ಮ್ಯಾಲ ಉಳದ ನೀರು ಚೆಲ್ಲು.

ಮೈ ಮ್ಯಾಲ ಇದ್ದ ಬಟ್ಟಿಗೆ ಉಗಿ ಹಿಡೀಬ್ಯಾಡ. ಉಗಿ ಸುಟ್ಟದ್ದು ಗೊತ್ತಾಗೂದ್ರಾಗ ಬೊಬ್ಬಿ ಎದ್ದಿರತೈತಿ. ಇಳಕಲ್ ಸೀರಿ ರೇಷ್ಮಿ ಸೆರಗಿಗೆ ಪೆಟಿಗಿ ಕಾವಿನ ಗುಂಡಿ ಮ್ಯಾಲಿನ ಒಂದು ಚುಕ್ಕಿ ಕಾವು ಸಾಕು, ಅದೂ ಉಲ್ಟಾ ಮಾಡಿ ತೆಳು ಬಟ್ಟಿ ಮುಚ್ಚಿ. ಗಜೇಂದ್ರಗಡದ ಹತ್ತಿ ಸೀರಿ ಮೂರು ಚುಕ್ಕಿಗೂ ತಡೀತೈತಿ.

ಸುಟ್ಟಕೊಂಡ್ರ ಟೂತ್‌ಪೇಸ್ಟ್, ಶಾಯಿ, ಅರಿಶಿಣ ಹಚ್ಚಬ್ಯಾಡ. ಬಳಿ, ಉಂಗುರ ತಗದು 20 ನಿಮಿಷ ತಣ್ಣೀರು ಹರಿಸು, ಬೊಬ್ಬಿ ಒಡೀಬ್ಯಾಡ. ಸುಟ್ಟದ್ದು ದೊಡ್ಡದಿದ್ರ ಇಲ್ಲಾ ಕೂಸಿಗಾಗಿದ್ರ ಡಾಕ್ಟರ್ ಕಡೆ ಹೋಗು, 108ಕ್ಕ ಫೋನ್ ಮಾಡು.

ಕಡೀ ಮಾತು: ಪ್ಲಗ್ ಕಿತ್ತ ಮ್ಯಾಲೂ ಅರ್ಧಾ ತಾಸು ಅದನ್ನ ಕೆಂಡ ಅಂತಲೇ ತಿಳಿ, ಆಮ್ಯಾಲೆ ವೈರ್ ಸುತ್ತಿ ಎತ್ತಿಡು.