ಅಂಬಾಸಿಡರ್ ಕಾರಿನ ಎಂಜಿನು

ಇತಿಹಾಸದ ವಿದ್ಯಾರ್ಥಿಯೊಬ್ಬನು ಎಂಜಿನಿನ ವಿಷಯ ಬರೆಯಹೊರಡುವುದು ಅಧಿಕಪ್ರಸಂಗವೆಂದು ಅಧ್ಯಾಪಕರಿಗೆ ತೋರಬಹುದು. ಆದರೆ ನಮ್ಮ ಚಿಕ್ಕಪ್ಪನವರು ಮದುವೆಗಳಿಗೆ ಬಾಡಿಗೆಗೆ ಕೊಡುವ ಹಳೆಯ ಅಂಬಾಸಿಡರ್ ಘಟ್ಟದ ಏರಿನಲ್ಲಿ ಬಸವಳಿಯತೊಡಗಿದಾಗ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. “ಸಿಲಿಂಡರು ಸವೆದಿದೆ, ರೀಬೋರ್ ಮಾಡಿಸಬೇಕು” ಎಂದಿದ್ದ ಮೆಕ್ಯಾನಿಕ್. ಅಷ್ಟು ಹಣ ನಮ್ಮಲ್ಲಿರಲಿಲ್ಲ.

ಮೊದಲ ಅಂಬಾಸಿಡರುಗಳಲ್ಲಿ ಸೈಡ್ ವಾಲ್ವ್ ಎಂಜಿನಿತ್ತು. 1959ರಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಮಾದರಿಯ, ವಾಲ್ವುಗಳು ಮೇಲಿರುವ ಎಂಜಿನು ಬಂದಿತು. ನಾಲ್ಕು ಸಿಲಿಂಡರು, ಒಳವ್ಯಾಸ ಸುಮಾರು 73 ಮಿ.ಮೀ., ಪಿಸ್ಟನ್ನಿನ ಓಟ 88.9 ಮಿ.ಮೀ.; ಒಟ್ಟು 1489 ಸಿ.ಸಿ. ಬ್ಲಾಕು, ಹೆಡ್ಡು ಎರಡೂ ಬೀಡುಕಬ್ಬಿಣ. ಮುಖ್ಯ ಸಂಗತಿಯೆಂದರೆ, ಹೊಗೆ ಹೊರಹೋಗಲು ಹೆಡ್ಡಿನಲ್ಲಿ ಮೂರೇ ದಾರಿ. ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ದಾರಿಯಾದ್ದರಿಂದ ಕಾವು ಅಲ್ಲಿಯೇ ಹೆಚ್ಚು.

ಬಲ ಕುಂದಿದ ಎಂಜಿನನ್ನು ಬಿಚ್ಚುವ ಮೊದಲು ಪ್ಲಗ್ಗುಗಳನ್ನು ತೆಗೆದು ಒಂದೊಂದು ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಕಡಮೆಯಿರುವಲ್ಲಿ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅಳತೆ ಏರಿದರೆ ರಿಂಗು, ಸಿಲಿಂಡರು ಸವೆದಿವೆ; ಎಣ್ಣೆ ಆ ಸಂದನ್ನು ತುಂಬಿತೆಂದು ಅರ್ಥ. ಏರದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ ಸೋರುತ್ತಿದೆ. ಅಕ್ಕಪಕ್ಕದ ಎರಡೂ ಕಡಮೆಯಾಗಿದ್ದರೆ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ನಮ್ಮ ಕಾರಿನಲ್ಲಿ ಮೂರನೆಯದೊಂದೇ ಕಡಮೆ. ಎಣ್ಣೆ ಬಿಟ್ಟರೂ ಏರಲಿಲ್ಲ. ಸಂಶಯ ವಾಲ್ವಿನ ಮೇಲೆ ಬಂದಿತು.

ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವು ವಾಲ್ವು ಕೂರುವ ಸೀಟನ್ನು ಲೇಪದಂತೆ ಕಾಪಾಡುತ್ತಿತ್ತು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಜನರ ಆರೋಗ್ಯಕ್ಕೆ ಅದು ಒಳಿತೇ. ಆದರೆ ಹಳೆಯ ಬೀಡಿನ ಸೀಟು ತೇಯುತ್ತ ವಾಲ್ವು ಹೆಡ್ಡಿನೊಳಕ್ಕೆ ಇಳಿಯುತ್ತದೆ. ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದಾಗಲೇ ಅದರ ಕಾವು ಸೀಟಿಗೆ ಹರಿಯಬೇಕಷ್ಟೆ. ಹರಿಯದೆ ವಾಲ್ವು ಸುಟ್ಟುಹೋಗುತ್ತದೆ. ಇದರಲ್ಲಿ ಒಂದು ಮೋಸವೂ ಉಂಟು. ಸಂದು ಕಿರಿದಾದಂತೆಲ್ಲ ಟ್ಯಾಪೆಟ್ಟಿನ ಸದ್ದು ಅಡಗುತ್ತದೆ. “ಈಚೆಗೆ ಎಂಜಿನು ಎಷ್ಟು ನಯವಾಗಿದೆ ನೋಡು!” ಎಂದು ಚಿಕ್ಕಪ್ಪನವರು ಮೆಚ್ಚುತ್ತಿದ್ದುದು ಈ ಕಾಯಿಲೆಯನ್ನೇ!

ಹೆಡ್ಡು ಬಿಚ್ಚಿದಾಗ ವಾಲ್ವಿನ ಅಂಚು ಇಲಿ ಕಡಿದ ಹಪ್ಪಳದಂತಿತ್ತು. ಗಟ್ಟಿ ಲೋಹದ ಸೀಟು ಕೂರಿಸಿ, ಹೊಸ ವಾಲ್ವು ಹಾಕಿಸಿ, ಸಂದನ್ನು ಕೈಪಿಡಿಯ ಅಳತೆಗೆ ತಂದೆವು. ಸಿಲಿಂಡರುಗಳ ತಂಟೆಗೇ ಹೋಗಲಿಲ್ಲ. ಕಾರು ಈಗ ಘಟ್ಟ ಹತ್ತುತ್ತದೆ. ಟಿಕಟಿಕ ಸದ್ದೂ ಮರಳಿದೆ. ಚಿಕ್ಕಪ್ಪನವರಿಗೆ ಅದು ಇನ್ನೂ ಹಿಡಿಸಿಲ್ಲ.